ಸಾಂಸ್ಥಿಕ ಬದಲಾವಣೆ ಮತ್ತು ಉದ್ಯೋಗಿಗಳ ಹೊಂದಾಣಿಕೆ

ಸಾಂಸ್ಥಿಕ ಬದಲಾವಣೆ ಎಂದರೆ ಒಂದು ಸಂಸ್ಥೆಯ ಒಡೆತನ, ರಚನೆ, ತಂತ್ರಜ್ಞಾನ, ಕಾರ್ಯವಿಧಾನ ಅಥವಾ ಉದ್ದೇಶದಲ್ಲಿ ಉಂಟಾಗುವ ಗಣನೀಯ ಮಾರ್ಪಾಡು. ಇಂತಹ ಮಾರ್ಪಾಡಿನ ಕಾಲದಲ್ಲಿ ಉದ್ಯೋಗಿಗಳು ಮತ್ತು ಅವರು ಕೆಲಸ ಮಾಡುವ ತಂಡಗಳು ಹೊಸ ಪರಿಸ್ಥಿತಿಗೆ ಒಗ್ಗಿಕೊಳ್ಳುವಂತೆ ಕೈಗೊಳ್ಳುವ ಯೋಜಿತ ಕ್ರಮಗಳನ್ನು ಒಟ್ಟಾಗಿ ಬದಲಾವಣೆ ನಿರ್ವಹಣೆ ಎಂದು ಕರೆಯಲಾಗುತ್ತದೆ. ನಿರ್ವಹಣಾಶಾಸ್ತ್ರ, ಕೈಗಾರಿಕಾ ಮನಶ್ಶಾಸ್ತ್ರ, ಸಮಾಜಶಾಸ್ತ್ರ ಮತ್ತು ಕಾರ್ಮಿಕ ಕಾನೂನುಗಳು ಈ ವಿಷಯವನ್ನು ಬೇರೆ ಬೇರೆ ದೃಷ್ಟಿಯಿಂದ ಅಧ್ಯಯನ ಮಾಡುತ್ತವೆ.

ಕರ್ನಾಟಕದಲ್ಲಿ ಈ ವಿಷಯದ ಅಧ್ಯಯನಕ್ಕೆ ಶಿವಮೊಗ್ಗ ಮತ್ತು ಭದ್ರಾವತಿ ನಗರಗಳು ಉತ್ತಮ ನಿದರ್ಶನಗಳನ್ನು ಒದಗಿಸುತ್ತವೆ. ಭದ್ರಾವತಿಯ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಯು ಒಂದು ಶತಮಾನದ ಅವಧಿಯಲ್ಲಿ ಹಲವು ಬಾರಿ ಹೆಸರು, ಒಡೆತನ ಮತ್ತು ಉತ್ಪನ್ನಗಳನ್ನು ಬದಲಿಸಿದೆ. ಅದೇ ಪಟ್ಟಣದ ಕಾಗದ ಕಾರ್ಖಾನೆ ಉತ್ಪಾದನೆಯನ್ನೇ ನಿಲ್ಲಿಸಿದೆ. ಶಿವಮೊಗ್ಗ ನಗರದ ವಿದ್ಯುತ್ ಕಚೇರಿಗಳು ಮತ್ತು ಬ್ಯಾಂಕ್ ಶಾಖೆಗಳು ವಿಭಜನೆ ಹಾಗೂ ವಿಲೀನಗಳನ್ನು ಕಂಡಿವೆ.

ಬದಲಾವಣೆಯ ಬಗೆಗಳು

ಉದ್ಯೋಗಿಗಳ ಮೇಲೆ ಬೀರುವ ಪರಿಣಾಮದ ಆಧಾರದ ಮೇಲೆ ಸಾಂಸ್ಥಿಕ ಬದಲಾವಣೆಗಳನ್ನು ಸ್ಥೂಲವಾಗಿ ನಾಲ್ಕು ಬಗೆಗಳಾಗಿ ವಿಂಗಡಿಸಬಹುದು.

ತಾಂತ್ರಿಕ ಬದಲಾವಣೆ: ಯಂತ್ರ, ಕಚ್ಚಾವಸ್ತು ಅಥವಾ ಕಾರ್ಯವಿಧಾನ ಬದಲಾಗುತ್ತದೆ, ಉದ್ಯೋಗ ಉಳಿದರೂ ಕೌಶಲ ಹಳೆಯದಾಗುತ್ತದೆ.

ರಚನಾತ್ಮಕ ಬದಲಾವಣೆ: ಸಂಸ್ಥೆಯ ವಿಭಜನೆ, ವಿಲೀನ ಅಥವಾ ವಿಭಾಗಗಳ ಮರುಹಂಚಿಕೆ ನಡೆಯುತ್ತದೆ, ಕೆಲಸ ಬಹುಮಟ್ಟಿಗೆ ಅದೇ ಆಗಿದ್ದರೂ ಸೇವಾ ಷರತ್ತು, ಜ್ಯೇಷ್ಠತೆ ಮತ್ತು ವರ್ಗಾವಣೆಯ ಪ್ರಶ್ನೆಗಳು ಏಳುತ್ತವೆ.

ಒಡೆತನದ ಬದಲಾವಣೆ: ಸರ್ಕಾರಿ ಇಲಾಖೆಯು ಕಂಪನಿಯಾಗುವುದು, ರಾಜ್ಯದ ಉದ್ಯಮವು ಕೇಂದ್ರದ ಅಧೀನಕ್ಕೆ ಹೋಗುವುದು, ಷೇರು ವಿಕ್ರಯ ಮೊದಲಾದವು ಈ ಬಗೆಗೆ ಸೇರುತ್ತವೆ. ನಿರ್ಧಾರ ಕೈಗೊಳ್ಳುವವರು ದೂರವಾಗುವುದರಿಂದ ಕಾರ್ಮಿಕರಿಗೂ ಆಡಳಿತಕ್ಕೂ ನಡುವಿನ ಅಂತರ ಹೆಚ್ಚುವ ಸಾಧ್ಯತೆ ಇರುತ್ತದೆ.

ಸಂಕೋಚನ ಮತ್ತು ಮುಚ್ಚುಗಡೆ: ಉತ್ಪಾದನೆಯನ್ನು ಕಡಿತಗೊಳಿಸುವುದು ಅಥವಾ ಸಂಪೂರ್ಣವಾಗಿ ನಿಲ್ಲಿಸುವುದು. ಇಲ್ಲಿ ಹೊಂದಾಣಿಕೆ ಎಂಬುದು ಕೆಲಸದ ಹೊಸ ರೀತಿಗಲ್ಲ, ಕೆಲಸವಿಲ್ಲದ ಸ್ಥಿತಿಗೆ ಆಗಬೇಕಾಗುತ್ತದೆ.

ಮೊದಲ ಬಗೆಗೆ ತರಬೇತಿಯೇ ಮುಖ್ಯ ನೆರವು. ಎರಡನೆಯದಕ್ಕೆ ಸೇವಾ ಭದ್ರತೆಯ ಲಿಖಿತ ಭರವಸೆ, ಮೂರನೆಯದಕ್ಕೆ ನಂಬಲರ್ಹವಾದ ಮಾಹಿತಿ ಮತ್ತು ನಾಲ್ಕನೆಯದಕ್ಕೆ ಪರಿಹಾರ ಹಾಗೂ ಪುನರ್ವಸತಿ ಅಗತ್ಯವಾಗುತ್ತವೆ. ಒಂದು ಬಗೆಯ ಪರಿಸ್ಥಿತಿಗೆ ಇನ್ನೊಂದರ ಪರಿಹಾರವನ್ನು ಅನ್ವಯಿಸುವುದು ಬದಲಾವಣೆ ನಿರ್ವಹಣೆಯ ವೈಫಲ್ಯಕ್ಕೆ ಒಂದು ಪ್ರಮುಖ ಕಾರಣವಾಗಿದೆ.

ಸಿದ್ಧಾಂತಗಳ ಬೆಳವಣಿಗೆ

ಜರ್ಮನ್-ಅಮೆರಿಕನ್ ಮನಶ್ಶಾಸ್ತ್ರಜ್ಞ ಕರ್ಟ್ ಲೆವಿನ್ ಅವರು 1947ರಲ್ಲಿ ಪ್ರಕಟಿಸಿದ ಬರಹಗಳು ಈ ಕ್ಷೇತ್ರದ ಬುನಾದಿ ಎಂದು ಪರಿಗಣಿಸಲ್ಪಟ್ಟಿವೆ. ಗುಂಪಿನ ರೂಢಿಯನ್ನು ಮೊದಲು ಸಡಿಲಗೊಳಿಸಿ, ಬಳಿಕ ಬದಲಿಸಿ, ಅನಂತರ ಹೊಸ ರೂಢಿಯನ್ನು ಗಟ್ಟಿಗೊಳಿಸಬೇಕು ಎಂಬುದು ಅವರ ಮೂರು ಹಂತಗಳ ವಿವರಣೆ. ವ್ಯಕ್ತಿಯನ್ನು ಒಬ್ಬಂಟಿಯಾಗಿ ಬದಲಿಸುವುದಕ್ಕಿಂತ ಅವನು ಸೇರಿರುವ ಗುಂಪಿನ ರೂಢಿಯನ್ನು ಬದಲಿಸುವುದು ಸುಲಭ ಎಂಬುದು ಇದರ ತಿರುಳು.

1948ರಲ್ಲಿ ಲೆಸ್ಟರ್ ಕಾಕ್ ಮತ್ತು ಜಾನ್ ಫ್ರೆಂಚ್ ಅವರು ಅಮೆರಿಕದ ವರ್ಜೀನಿಯಾ ರಾಜ್ಯದ ಒಂದು ಸಿದ್ಧ ಉಡುಪು ಕಾರ್ಖಾನೆಯಲ್ಲಿ ನಡೆಸಿದ ಪ್ರಯೋಗದ ವರದಿಯನ್ನು ಪ್ರಕಟಿಸಿದರು. ಕೆಲಸದ ವಿಧಾನ ಬದಲಾದಾಗ, ಮೇಲಿನಿಂದ ಆದೇಶವನ್ನಷ್ಟೇ ಪಡೆದ ಗುಂಪಿನಲ್ಲಿ ಮೊದಲ 40 ದಿನಗಳಲ್ಲಿ ಶೇ. 17ರಷ್ಟು ಮಂದಿ ಕೆಲಸ ಬಿಟ್ಟರು ಮತ್ತು ಉತ್ಪಾದನೆ ಕುಸಿದೇ ಉಳಿಯಿತು. ಬದಲಾವಣೆಯ ವಿನ್ಯಾಸದಲ್ಲಿ ಎಲ್ಲ ಸದಸ್ಯರೂ ಪಾಲ್ಗೊಂಡ ಗುಂಪುಗಳು ಬೇಗನೆ ಚೇತರಿಸಿಕೊಂಡು ಹಿಂದಿನ ಮಟ್ಟವನ್ನೂ ಮೀರಿದವು.

ಭಾರತದಲ್ಲಿ ಈ ಬಗೆಯ ಪ್ರಯೋಗಗಳ ಪೈಕಿ ಪ್ರಸಿದ್ಧವಾದದ್ದು ಅಹಮದಾಬಾದಿನ ಕ್ಯಾಲಿಕೋ ಗಿರಣಿಯಲ್ಲಿ ಎ. ಕೆ. ರೈಸ್ ಅವರು 1953ರಲ್ಲಿ ಆರಂಭಿಸಿದ ಪ್ರಯೋಗ. ಸ್ವಯಂಚಾಲಿತ ಮಗ್ಗಗಳು ಬಂದ ಮೇಲೂ ನಿರೀಕ್ಷಿತ ಉತ್ಪಾದನೆ ದೊರೆಯದಿದ್ದಾಗ, ಬಿಡಿಬಿಡಿಯಾಗಿ ಕೆಲಸ ಮಾಡುತ್ತಿದ್ದ ನೇಕಾರರನ್ನು ಸಣ್ಣ ತಂಡಗಳಾಗಿ ಸಂಘಟಿಸಿ, ಪ್ರತಿ ತಂಡಕ್ಕೂ ನಿಗದಿತ ಮಗ್ಗಗಳ ಪೂರ್ಣ ಹೊಣೆಯನ್ನು ವಹಿಸಲಾಯಿತು. ಇದರಿಂದ ಉತ್ಪಾದನೆ ಹೆಚ್ಚಿ, ಬಟ್ಟೆಯ ಹಾಳು ಕಡಿಮೆಯಾಯಿತು. ಯಂತ್ರ ಬದಲಾದಾಗ ತಂಡದ ರಚನೆಯೂ ಬದಲಾಗಬೇಕು ಎಂಬುದು ಇದರಿಂದ ಸ್ಪಷ್ಟವಾಯಿತು.

ಮುಂದೆ ವಿಲಿಯಂ ಬ್ರಿಡ್ಜಸ್ ಅವರು ಹೊರಗಿನ ಬದಲಾವಣೆ ಮತ್ತು ವ್ಯಕ್ತಿಯ ಒಳಗೆ ನಡೆಯುವ ಸ್ಥಿತ್ಯಂತರ ಬೇರೆ ಬೇರೆ ಎಂದು ಪ್ರತಿಪಾದಿಸಿದರು. ಹಳೆಯದು ಮುಗಿದು ಹೊಸದು ಆರಂಭವಾಗದ ನಡುವಣ ಅವಧಿಯೇ ಅತ್ಯಂತ ಕಠಿಣ ಎಂಬುದು ಅವರ ಅಭಿಪ್ರಾಯ. ಜಾನ್ ಕಾಟರ್ ಅವರು 1990ರ ದಶಕದಲ್ಲಿ ಎಂಟು ಹೆಜ್ಜೆಗಳ ಮಾದರಿಯನ್ನು ರೂಪಿಸಿದರು. ತಪ್ಪು, ಸಂದೇಹ ಮತ್ತು ಭಿನ್ನಾಭಿಪ್ರಾಯಗಳನ್ನು ಭಯವಿಲ್ಲದೆ ಹೇಳಬಲ್ಲ ವಾತಾವರಣವಿರುವ ತಂಡಗಳು ಹೆಚ್ಚು ಕಲಿಯುತ್ತವೆ ಎಂದು ಏಮಿ ಎಡ್ಮಂಡ್ಸನ್ ಅವರ 1999ರ ಅಧ್ಯಯನ ತೋರಿಸಿತು.

ಭದ್ರಾವತಿ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆ

ಹಿಂದೆ ಬೆಂಕಿಪುರ ಎಂದು ಕರೆಯಲ್ಪಡುತ್ತಿದ್ದ ಭದ್ರಾವತಿಯಲ್ಲಿ, ಭದ್ರಾ ನದಿಯ ದಡದಲ್ಲಿ, ಮೈಸೂರು ಸಂಸ್ಥಾನವು ಸ್ಥಾಪಿಸಿದ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆಯನ್ನು ಆರಂಭಿಸಿತು. ಮಲೆನಾಡಿನ ಕಾಡಿನ ಮರದಿಂದ ಇದ್ದಿಲು, ಕೆಮ್ಮಣ್ಣುಗುಂಡಿಯಿಂದ ಅದಿರು ಎಂಬ ಎರಡು ಸ್ಥಳೀಯ ಸಂಪನ್ಮೂಲಗಳ ಮೇಲೆ ಅದು ನಿಂತಿತ್ತು. ಮರದ ಭಟ್ಟಿಯಿಂದ ದೊರೆಯುವ ರಾಸಾಯನಿಕಗಳೂ ಅದರ ಉತ್ಪನ್ನಗಳಾಗಿದ್ದವು. ಸರ್ ಎಂ. ವಿಶ್ವೇಶ್ವರಯ್ಯನವರು 1923ರಿಂದ 1929ರವರೆಗೆ ಕಾರ್ಖಾನೆಯ ಆಡಳಿತ ಮಂಡಳಿಯ ಅಧ್ಯಕ್ಷರಾಗಿದ್ದರು. ವಿದೇಶಿ ತಜ್ಞರ ಸ್ಥಾನಗಳಿಗೆ ಸ್ಥಳೀಯರನ್ನು ಸಿದ್ಧಗೊಳಿಸುವುದು ಅವರ ಸುಧಾರಣೆಗಳಲ್ಲಿ ಒಂದಾಗಿತ್ತು. ಕುಲುಮೆಯ ಕೆಲಸವನ್ನೇ ಕಂಡರಿಯದ ಕೃಷಿಕ ಪ್ರದೇಶದ ಜನ ಸರದಿ ಪಾಳಿ, ಕಾರ್ಖಾನೆಯ ಸೈರನ್ ಮತ್ತು ಮಾಸಿಕ ಸಂಬಳದ ಬದುಕಿಗೆ ಒಗ್ಗಿಕೊಂಡದ್ದು ಈ ಊರಿನ ಮೊದಲ ದೊಡ್ಡ ಹೊಂದಾಣಿಕೆಯಾಗಿತ್ತು.

ಅನಂತರದ ದಶಕಗಳಲ್ಲಿ ಕಾರ್ಖಾನೆಯು ಬೀಡು ಕಬ್ಬಿಣದಿಂದ ಉಕ್ಕಿಗೆ, ಇದ್ದಿಲಿನ ಕುಲುಮೆಯಿಂದ ವಿದ್ಯುತ್ ಕುಲುಮೆಗೆ, ಸಾಮಾನ್ಯ ಉಕ್ಕಿನಿಂದ ಮಿಶ್ರಲೋಹದ ಉಕ್ಕು ಹಾಗೂ ವಿಶೇಷ ಉಕ್ಕುಗಳಿಗೆ ವಿಸ್ತರಿಸಿತು. ಪ್ರತಿ ಹಂತದಲ್ಲಿಯೂ ಹೊಸ ಕೌಶಲಗಳು ಬೇಕಾದವು. ಆದರೆ ಸಂಸ್ಥೆ ಬೆಳೆಯುತ್ತಿದ್ದ ಕಾಲದಲ್ಲಿ ಹಳೆಯ ವಿಭಾಗದ ಕಾರ್ಮಿಕರಿಗೆ ಹೊಸ ವಿಭಾಗದಲ್ಲಿ ಸ್ಥಾನ ಕಲ್ಪಿಸಲು ಅವಕಾಶವಿರುತ್ತದೆ; ಸಂಸ್ಥೆ ಕುಗ್ಗುವ ಕಾಲದಲ್ಲಿ ಆ ಅವಕಾಶ ಇರುವುದಿಲ್ಲ.

ಒಡೆತನದ ಬದಲಾವಣೆಗಳು ಹೀಗಿವೆ:

1962: ಸರ್ಕಾರಿ ಉದ್ಯಮವು ರಾಜ್ಯ ಮತ್ತು ಕೇಂದ್ರ ಸರ್ಕಾರಗಳ ಪಾಲುದಾರಿಕೆಯ ಕಂಪನಿಯಾಯಿತು.

1976: ವಿಶ್ವೇಶ್ವರಯ್ಯ ಐರನ್ ಅಂಡ್ ಸ್ಟೀಲ್ ಲಿಮಿಟೆಡ್ ಎಂದು ಮರುನಾಮಕರಣ ಹೊಂದಿತು. ಊರಿನಲ್ಲಿ ಇಂದಿಗೂ ಬಳಕೆಯಲ್ಲಿರುವ ವಿಐಎಸ್ಎಲ್ ಎಂಬ ಹೆಸರು ಇದರದೇ ಸಂಕ್ಷಿಪ್ತ ರೂಪ.

1989: ಭಾರತೀಯ ಉಕ್ಕು ಪ್ರಾಧಿಕಾರದ, ಅಂದರೆ ಸೈಲ್‌ನ, ಅಂಗಸಂಸ್ಥೆಯಾಯಿತು.

1998: ಸೈಲ್‌ನಲ್ಲಿ ವಿಲೀನಗೊಂಡು ಅದರ ಒಂದು ಘಟಕವಾಯಿತು.

2016ರಲ್ಲಿ ಕೇಂದ್ರ ಸರ್ಕಾರವು ಘಟಕದ ವ್ಯೂಹಾತ್ಮಕ ಷೇರು ವಿಕ್ರಯಕ್ಕೆ ತಾತ್ವಿಕ ಒಪ್ಪಿಗೆ ನೀಡಿತು. 2019ರಲ್ಲಿ ಖರೀದಿದಾರರಿಂದ ಆಸಕ್ತಿ ಪತ್ರಗಳನ್ನು ಆಹ್ವಾನಿಸಲಾಯಿತು. ಸೂಕ್ತ ಖರೀದಿದಾರರು ದೊರೆಯದ ಕಾರಣ 2022ರ ಅಕ್ಟೋಬರ್‌ನಲ್ಲಿ ಆ ಪ್ರಕ್ರಿಯೆಯನ್ನು ಕೈಬಿಡಲಾಯಿತು. 2023ರ ಜನವರಿಯಲ್ಲಿ ಘಟಕವನ್ನು ಮುಚ್ಚುವ ನಿರ್ಧಾರ ಹೊರಬಿದ್ದಾಗ ಗುತ್ತಿಗೆ ಕಾರ್ಮಿಕರು ದೀರ್ಘಕಾಲದ ಧರಣಿಯನ್ನು ಆರಂಭಿಸಿದರು. ಅದೇ ವರ್ಷದ ಆಗಸ್ಟ್‌ನಲ್ಲಿ ಬಾರ್ ಮಿಲ್ ಮರಳಿ ಕಾರ್ಯಾರಂಭ ಮಾಡಿತು. ಸ್ವಂತ ಅದಿರಿನ ಗಣಿಯ ಕೊರತೆ, ಹಳೆಯ ಯಂತ್ರೋಪಕರಣಗಳು ಮತ್ತು ಬಂಡವಾಳ ಹೂಡಿಕೆಯ ಅಭಾವ ಘಟಕದ ಸಂಕಷ್ಟಕ್ಕೆ ಸಾಮಾನ್ಯವಾಗಿ ಹೇಳಲಾಗುವ ಕಾರಣಗಳು.

ಹೊಂದಾಣಿಕೆಯ ದೃಷ್ಟಿಯಿಂದ 2016ರಿಂದ 2023ರವರೆಗಿನ ಅವಧಿ ಗಮನಾರ್ಹವಾದುದು. ಕಾರ್ಖಾನೆ ಮಾರಾಟವಾಗುವುದೋ, ಉಳಿಯುವುದೋ, ಮುಚ್ಚುವುದೋ ಎಂಬುದು ಏಳು ವರ್ಷಗಳ ಕಾಲ ಇತ್ಯರ್ಥವಾಗಲಿಲ್ಲ. ಬ್ರಿಡ್ಜಸ್ ಅವರು ವಿವರಿಸುವ ನಡುವಣ ಅವಧಿ ಇಲ್ಲಿ ವರ್ಷಗಳಿಗೆ ಚಾಚಿಕೊಂಡಿತು. ಇಂತಹ ಸ್ಥಿತಿಯಲ್ಲಿ ಉದ್ಯೋಗಿಯು ಮನೆ ಕಟ್ಟುವ, ಮಕ್ಕಳ ಶಿಕ್ಷಣಕ್ಕೆ ಸಾಲ ಮಾಡುವ ಅಥವಾ ಬೇರೆ ಊರಿನಲ್ಲಿ ಕೆಲಸ ಹುಡುಕುವ ನಿರ್ಧಾರವನ್ನು ಸುಲಭವಾಗಿ ಕೈಗೊಳ್ಳಲಾರನು. ಖಾಯಂ ನೌಕರರನ್ನು ಸೈಲ್‌ನ ಇತರ ಘಟಕಗಳಿಗೆ ವರ್ಗಾಯಿಸಲು ಅವಕಾಶವಿದ್ದರೆ, ಗುತ್ತಿಗೆ ಕಾರ್ಮಿಕರಿಗೆ ಆ ದಾರಿ ಇರಲಿಲ್ಲ. ಆದ್ದರಿಂದ ಒಂದೇ ಯಂತ್ರದ ಬಳಿ ಜೊತೆಯಾಗಿ ದುಡಿಯುವವರ ಮೇಲೂ ಬದಲಾವಣೆಯ ಭಾರ ಸಮನಾಗಿ ಬೀಳುವುದಿಲ್ಲ.

ಮೈಸೂರು ಕಾಗದ ಕಾರ್ಖಾನೆ

ಎಂಪಿಎಂ ಎಂದೇ ಪರಿಚಿತವಾದ ಮೈಸೂರು ಪೇಪರ್ ಮಿಲ್ಸ್ 1936ರಲ್ಲಿ ಸ್ಥಾಪನೆಯಾಗಿ 1977ರಲ್ಲಿ ಸರ್ಕಾರಿ ಕಂಪನಿಯಾಯಿತು. ಬರೆಯುವ ಮತ್ತು ಮುದ್ರಣದ ಕಾಗದ, ಸುದ್ದಿ ಕಾಗದ ಹಾಗೂ ಸಕ್ಕರೆ ಅದರ ಉತ್ಪನ್ನಗಳಾಗಿದ್ದವು. ಕಾರ್ಖಾನೆಯ ಸುತ್ತ ಬೆಳೆದ ವಸತಿ ಪ್ರದೇಶಕ್ಕೆ ಪೇಪರ್ ಟೌನ್ ಎಂಬ ಹೆಸರೇ ನಿಂತಿತು. ನಷ್ಟದ ಕಾರಣದಿಂದ 2010ರ ದಶಕದ ಮಧ್ಯಭಾಗದಲ್ಲಿ ಉತ್ಪಾದನೆ ಸ್ಥಗಿತಗೊಂಡಿತು. ನೌಕರರಿಗೆ ಸ್ವಯಂ ನಿವೃತ್ತಿ ಯೋಜನೆಯನ್ನು ನೀಡಲಾಯಿತು.

ಒಂದೇ ಉದ್ಯಮವನ್ನು ಆಶ್ರಯಿಸಿದ ವಸತಿ ಪ್ರದೇಶದಲ್ಲಿ ಮುಚ್ಚುಗಡೆಯ ಪರಿಣಾಮ ಕಾರ್ಖಾನೆಯ ಗೇಟಿಗೆ ಸೀಮಿತವಾಗಿರುವುದಿಲ್ಲ. ಕಬ್ಬು ಬೆಳೆಗಾರರು, ಲಾರಿ ಮಾಲೀಕರು, ಕ್ಯಾಂಟೀನ್ ನಡೆಸುವವರು, ಕಿರಾಣಿ ಅಂಗಡಿಗಳು ಮತ್ತು ಶಾಲೆಗಳು ಅದರ ಫಲವನ್ನು ಉಣ್ಣಬೇಕಾಗುತ್ತದೆ. ಸ್ವಯಂ ನಿವೃತ್ತಿಯ ಇಡುಗಂಟು ಹಣದ ತಕ್ಷಣದ ಅಗತ್ಯವನ್ನು ಪೂರೈಸುತ್ತದೆ. ಆದರೆ ಕಾಗದ ತಯಾರಿಕೆಯಂತಹ ವಿಶಿಷ್ಟ ಕೌಶಲಕ್ಕೆ ಅದೇ ಊರಿನಲ್ಲಿ ಬೇರೆ ಬೇಡಿಕೆ ಇಲ್ಲದಿದ್ದರೆ, ನಡುವಯಸ್ಸಿನ ಕಾರ್ಮಿಕರಿಗೆ ಪರ್ಯಾಯ ಉದ್ಯೋಗ ದೊರೆಯುವುದು ಕಷ್ಟ.

ಶಿವಮೊಗ್ಗ ನಗರದ ನಿದರ್ಶನಗಳು

ವಿದ್ಯುತ್ ವಿತರಣೆ: 1957ರಲ್ಲಿ ಸ್ಥಾಪನೆಯಾಗಿ, ಕೆಇಬಿ ಎಂದು ಜನಬಳಕೆಯಲ್ಲಿದ್ದ ವಿದ್ಯುಚ್ಛಕ್ತಿ ಮಂಡಳಿಯು 1999ರಲ್ಲಿ ಕರ್ನಾಟಕ ವಿದ್ಯುತ್ ಪ್ರಸರಣ ನಿಗಮವಾಯಿತು. 2002ರಲ್ಲಿ ವಿತರಣೆಯ ಕಾರ್ಯವನ್ನು ಪ್ರಾದೇಶಿಕ ಕಂಪನಿಗಳಿಗೆ ಒಪ್ಪಿಸಲಾಯಿತು. ಶಿವಮೊಗ್ಗವು ಮಂಗಳೂರು ವಿದ್ಯುತ್ ಸರಬರಾಜು ಕಂಪನಿಯ, ಅಂದರೆ ಮೆಸ್ಕಾಂನ, ವ್ಯಾಪ್ತಿಗೆ ಸೇರಿತು. ಕಂಬ ಹತ್ತುವ ಲೈನ್‌ಮನ್‌ನ ಕೆಲಸ ಬದಲಾಗದಿದ್ದರೂ ಉದ್ಯೋಗದಾತ ಸಂಸ್ಥೆ ಬದಲಾಯಿತು. ಮಂಡಳಿಯ ಕಾಲದ ನೌಕರರ ಮುಖ್ಯ ಆತಂಕವು ನಿವೃತ್ತಿ ವೇತನಕ್ಕೆ ಸಂಬಂಧಿಸಿದ್ದಾಗಿತ್ತು. ಇದಕ್ಕಾಗಿ ಪ್ರತ್ಯೇಕ ಪಿಂಚಣಿ ಮತ್ತು ಗ್ರಾಚ್ಯುಟಿ ಟ್ರಸ್ಟ್ ರಚಿಸಲಾಯಿತು. ರಚನಾತ್ಮಕ ಬದಲಾವಣೆಯಲ್ಲಿ ಸೇವಾ ಭದ್ರತೆಯ ಪ್ರಶ್ನೆಗೆ ಸಾಂಸ್ಥಿಕ ಉತ್ತರ ದೊರೆತದ್ದಕ್ಕೆ ಇದು ಉದಾಹರಣೆ. ಜನರು ಮಾತ್ರ ಇಂದಿಗೂ ವಿದ್ಯುತ್ ಕಚೇರಿಯನ್ನು ಕೆಇಬಿ ಎಂದೇ ಕರೆಯುವುದುಂಟು.

ಬ್ಯಾಂಕ್ ವಿಲೀನಗಳು: ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ 1913ರಲ್ಲಿ ಆರಂಭವಾದ ಮೈಸೂರು ಬ್ಯಾಂಕ್, ಮುಂದೆ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಎಂಬ ಹೆಸರು ಪಡೆದು, 2017ರ ಏಪ್ರಿಲ್ 1ರಂದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ವಿಲೀನಗೊಂಡಿತು. ಕರಾವಳಿಯಲ್ಲಿ ಹುಟ್ಟಿದ ವಿಜಯ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡದೊಂದಿಗೆ, ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾ ಬ್ಯಾಂಕಿನೊಂದಿಗೆ ಮತ್ತು ಕಾರ್ಪೊರೇಷನ್ ಬ್ಯಾಂಕ್ ಅದೇ ವರ್ಷ ಯೂನಿಯನ್ ಬ್ಯಾಂಕಿನೊಂದಿಗೆ ಸೇರಿದವು. ಇಂತಹ ವಿಲೀನಗಳಲ್ಲಿ ಶಾಖೆಗಳ ಸಿಬ್ಬಂದಿ ಹೊಸ ತಂತ್ರಾಂಶ, ಹೊಸ ನಮೂನೆಗಳು ಮತ್ತು ಜ್ಯೇಷ್ಠತಾ ಪಟ್ಟಿಗಳ ಜೋಡಣೆಯನ್ನು ಎದುರಿಸಬೇಕಾಗುತ್ತದೆ. ಖಾತೆ ಮತ್ತು ಚೆಕ್ ಪುಸ್ತಕಗಳ ಬದಲಾವಣೆಯ ಬಗ್ಗೆ ಗ್ರಾಹಕರ ಪ್ರಶ್ನೆಗಳಿಗೆ ಉತ್ತರಿಸುವ ಹೊಣೆಯೂ ಕೌಂಟರಿನಲ್ಲಿ ಕುಳಿತವರ ಮೇಲೆಯೇ ಬೀಳುತ್ತದೆ.

ಪ್ರತಿರೋಧದ ಕಾರಣಗಳು

ಬದಲಾವಣೆಗೆ ಉದ್ಯೋಗಿಗಳು ತೋರುವ ಪ್ರತಿರೋಧವನ್ನು ಕೇವಲ ಜಡತೆ ಎಂದು ಭಾವಿಸುವುದು ಸರಿಯಲ್ಲ. ಅದಕ್ಕೆ ಸಾಮಾನ್ಯವಾಗಿ ಈ ಕಾರಣಗಳಿರುತ್ತವೆ:

ಆದಾಯ, ಹುದ್ದೆ ಅಥವಾ ನಿವೃತ್ತಿ ಸೌಲಭ್ಯ ಕಡಿಮೆಯಾಗಬಹುದೆಂಬ ಭಯ.

ವರ್ಷಗಟ್ಟಲೆ ಗಳಿಸಿದ ಅನುಭವಕ್ಕೆ ಬೆಲೆ ಇಲ್ಲವಾಗುವುದು. ಕುಲುಮೆಯ ಬಣ್ಣ ನೋಡಿ ಶಾಖವನ್ನು ಅಂದಾಜಿಸುವಂತಹ ಜ್ಞಾನ ಯಾವ ಕೈಪಿಡಿಯಲ್ಲಿಯೂ ಇರುವುದಿಲ್ಲ.

ಜೊತೆಗಾರರಿಂದ ಬೇರ್ಪಡುವುದು ಮತ್ತು ತಂಡದ ಒಳಗಿನ ಪರಸ್ಪರ ನಂಬಿಕೆ ಕಡಿದುಹೋಗುವುದು.

ಹಿಂದಿನ ಭರವಸೆಗಳು ಈಡೇರದಿದ್ದುದರಿಂದ ಉಂಟಾದ ಅಪನಂಬಿಕೆ.

ಪ್ರಸ್ತಾವಿತ ಬದಲಾವಣೆಯಲ್ಲಿಯೇ ನಿಜವಾದ ದೋಷವಿರುವುದು. ಇಂತಹ ಸಂದರ್ಭದಲ್ಲಿ ಪ್ರತಿರೋಧವು ಆಡಳಿತಕ್ಕೆ ಉಪಯುಕ್ತ ಎಚ್ಚರಿಕೆಯಾಗುತ್ತದೆ.

ತಂಡಗಳಿಗೆ ನೆರವಾಗುವ ಕ್ರಮಗಳು

ಮಾಹಿತಿ: ಏನು ನಿರ್ಧಾರವಾಗಿದೆ, ಏನು ಆಗಿಲ್ಲ, ಆಗದಿರುವುದು ಯಾವಾಗ ತಿಳಿಯುತ್ತದೆ ಎಂಬ ಮೂರನ್ನೂ ಉದ್ಯೋಗಿಗಳ ಭಾಷೆಯಲ್ಲಿಯೇ ಸ್ಪಷ್ಟವಾಗಿ ತಿಳಿಸಬೇಕು. ಮಾಹಿತಿ ಇಲ್ಲದಲ್ಲಿ ವದಂತಿ ಹಬ್ಬುತ್ತದೆ. ಸಿಬ್ಬಂದಿಯು ತಮ್ಮ ಸಂಸ್ಥೆಯ ಸುದ್ದಿಯನ್ನು ಮೊದಲು ಪತ್ರಿಕೆಯಲ್ಲಿ ಓದುವಂತಾದರೆ ಆಡಳಿತದ ಮೇಲಿನ ನಂಬಿಕೆ ಕುಸಿಯುತ್ತದೆ.

ಮೇಲ್ವಿಚಾರಕರ ಸಿದ್ಧತೆ: ಉದ್ಯೋಗಿಗಳು ಪ್ರಶ್ನೆಗಳನ್ನು ಮೊದಲು ಕೇಳುವುದು ತಮ್ಮ ನೇರ ಮೇಲ್ವಿಚಾರಕರನ್ನು. ಆದ್ದರಿಂದ ಸುತ್ತೋಲೆ ಹೊರಡುವ ಮೊದಲೇ ಅವರಿಗೆ ಉತ್ತರಗಳು ತಿಳಿದಿರಬೇಕು.

ಭಾಗವಹಿಸುವಿಕೆ: ಬದಲಾವಣೆ ಬೇಕೇ ಎಂಬುದು ತಂಡದ ಕೈಯಲ್ಲಿಲ್ಲದಿದ್ದರೂ, ಅದನ್ನು ಹೇಗೆ ಜಾರಿಗೊಳಿಸಬೇಕು ಎಂಬುದನ್ನು ತಂಡಕ್ಕೆ ಬಿಡಬಹುದು. ಪಾಳಿಯ ಹಂಚಿಕೆ, ತರಬೇತಿಯ ಸಮಯ, ಹಳೆಯ ಮತ್ತು ಹೊಸ ವಿಧಾನಗಳು ಜೊತೆಜೊತೆಯಾಗಿ ನಡೆಯಬೇಕಾದ ಅವಧಿ ಮೊದಲಾದವುಗಳನ್ನು ಕೆಲಸ ಮಾಡುವವರೇ ಚೆನ್ನಾಗಿ ಬಲ್ಲರು.

ತರಬೇತಿ: ಕೆಲಸದ ಅವಧಿಯಲ್ಲಿಯೇ, ಸಂಬಳ ಕಡಿತವಿಲ್ಲದೆ, ನಿಜವಾದ ಯಂತ್ರ ಅಥವಾ ತಂತ್ರಾಂಶದ ಮೇಲೆ ನೀಡುವ ತರಬೇತಿ ಪರಿಣಾಮಕಾರಿ. ಕಲಿಕೆಯ ಅವಧಿಯಲ್ಲಿ ಉತ್ಪಾದನೆಯ ಗುರಿಯನ್ನು ಇಳಿಸುವುದು ಅಗತ್ಯ.

ತಂಡದ ನಿರಂತರತೆ: ಸಾಧ್ಯವಾದಲ್ಲೆಲ್ಲ ಜೊತೆಯಾಗಿ ದುಡಿದವರನ್ನು ಜೊತೆಯಾಗಿಯೇ ಹೊಸ ವಿಭಾಗಕ್ಕೆ ಕಳುಹಿಸುವುದರಿಂದ ಪರಸ್ಪರ ಕಲಿಕೆ ಸುಲಭವಾಗುತ್ತದೆ. ನಿವೃತ್ತರಾಗುತ್ತಿರುವ ಹಿರಿಯರ ಅನುಭವವನ್ನು ದಾಖಲಿಸಿಕೊಳ್ಳುವುದೂ ಇದರ ಭಾಗ.

ಬಿಟ್ಟು ಹೋಗುವವರ ಮತ್ತು ಉಳಿಯುವವರ ಕಾಳಜಿ: ಹೊರಹೋಗುವವರಿಗೆ ಬಾಕಿ ಹಣದ ಸಕಾಲಿಕ ಪಾವತಿ, ಹಣಕಾಸಿನ ಸಲಹೆ, ಮರುತರಬೇತಿ ಮತ್ತು ಅನುಭವ ಪ್ರಮಾಣಪತ್ರ ಬೇಕಾಗುತ್ತವೆ. ಉಳಿಯುವವರ ಮೇಲೆ ಹೆಚ್ಚುವ ಕೆಲಸದ ಹೊರೆಯನ್ನು, ಅದರಲ್ಲಿಯೂ ಕುಲುಮೆ ಮತ್ತು ವಿದ್ಯುತ್ ಮಾರ್ಗಗಳಂತಹ ಅಪಾಯದ ಕೆಲಸಗಳಲ್ಲಿ, ಸುರಕ್ಷತೆಯ ದೃಷ್ಟಿಯಿಂದ ಪರಿಶೀಲಿಸಬೇಕಾಗುತ್ತದೆ.

ಕಾನೂನಿನ ಚೌಕಟ್ಟು

1947ರ ಕೈಗಾರಿಕಾ ವಿವಾದಗಳ ಕಾಯಿದೆಯ 9ಎ ಕಲಮಿನ ಪ್ರಕಾರ, ವೇತನ, ಕೆಲಸದ ಅವಧಿ, ಪಾಳಿ ಮೊದಲಾದ ನಿಗದಿತ ಸೇವಾ ಷರತ್ತುಗಳನ್ನು ಬದಲಿಸುವ ಉದ್ಯೋಗದಾತನು 21 ದಿನಗಳ ಮುಂಚಿತವಾಗಿ ನೋಟಿಸ್ ನೀಡಬೇಕಾಗಿತ್ತು. 100 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಯನ್ನು ಮುಚ್ಚಲು 90 ದಿನಗಳ ಮೊದಲೇ ಸರ್ಕಾರದ ಅನುಮತಿಗೆ ಅರ್ಜಿ ಸಲ್ಲಿಸಬೇಕಿತ್ತು. ಈ ಕಾಯಿದೆಯ ಬದಲಿಗೆ ರೂಪುಗೊಂಡ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯು 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಅದು 21 ದಿನಗಳ ನೋಟಿಸನ್ನು ಉಳಿಸಿಕೊಂಡು, ಮುಚ್ಚುಗಡೆಯ ಪೂರ್ವಾನುಮತಿಯ ಮಿತಿಯನ್ನು 300 ಕಾರ್ಮಿಕರಿಗೆ ಏರಿಸಿತು. ಕೆಲಸ ಕಳೆದುಕೊಂಡ, ಅಂದರೆ ರಿಟ್ರೆಂಚ್‌ಮೆಂಟ್‌ಗೆ ಒಳಗಾದ, ಕಾರ್ಮಿಕನಿಗೆ 15 ದಿನಗಳ ಕೊನೆಯ ವೇತನಕ್ಕೆ ಸಮನಾದ ಮೊತ್ತವನ್ನು ಮರುಕೌಶಲ ನಿಧಿಯ ಮೂಲಕ ನೀಡುವ ಅವಕಾಶವೂ ಅದರಲ್ಲಿದೆ.

100 ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗಳಲ್ಲಿ ಎರಡೂ ಕಡೆಯ ಪ್ರತಿನಿಧಿಗಳನ್ನು ಒಳಗೊಂಡ ಕಾರ್ಯ ಸಮಿತಿಯ ರಚನೆಗೆ ಎರಡೂ ಕಾನೂನುಗಳು ಅವಕಾಶ ಕಲ್ಪಿಸಿವೆ. ಬದಲಾವಣೆಯ ಕುರಿತ ಸಮಾಲೋಚನೆಗೆ ಇದು ಸಿದ್ಧ ವೇದಿಕೆಯಾಗಬಲ್ಲದು.

ಮಿತಿಗಳು ಮತ್ತು ಟೀಕೆಗಳು

ಬದಲಾವಣೆ ನಿರ್ವಹಣೆಯ ಮಾದರಿಗಳು ಬದಲಾವಣೆಯ ಅಗತ್ಯವನ್ನು ಪ್ರಶ್ನಿಸದೆ, ಉದ್ಯೋಗಿಗಳನ್ನು ಒಪ್ಪಿಸುವುದನ್ನೇ ಗುರಿಯಾಗಿಸಿಕೊಳ್ಳುತ್ತವೆ ಎಂಬ ಟೀಕೆ ಇದೆ. ನಿರ್ಧಾರವಾದ ಮೇಲೆ ನಡೆಸುವ ಸಭೆಗಳು ಸಮಾಲೋಚನೆಯ ರೂಪವನ್ನು ಹೊಂದಿದ್ದರೂ ಅದರ ಸತ್ವವನ್ನು ಹೊಂದಿರುವುದಿಲ್ಲ. ಬಹುಪಾಲು ಮಾದರಿಗಳು ಖಾಯಂ ನೌಕರರನ್ನು ಉದ್ದೇಶಿಸಿ ರಚಿತವಾಗಿರುವುದರಿಂದ ಗುತ್ತಿಗೆ ಕಾರ್ಮಿಕರು ಅವುಗಳ ಪರಿಧಿಯಿಂದ ಹೊರಗುಳಿಯುತ್ತಾರೆ. ಹಂತಗಳು ಒಂದಾದ ಮೇಲೊಂದು ಬರುತ್ತವೆ ಎಂಬ ಕಲ್ಪನೆಯೂ ಎಲ್ಲೆಡೆ ನಿಜವಲ್ಲ. ಮಾರಾಟದ ಘೋಷಣೆ, ಅದರ ರದ್ದತಿ, ಮುಚ್ಚುವ ನಿರ್ಧಾರ ಮತ್ತು ಪುನರಾರಂಭ ಒಂದರ ಹಿಂದೊಂದು ಬಂದ ಭದ್ರಾವತಿಯ ಉಕ್ಕಿನ ಕಾರ್ಖಾನೆಯ ಇತಿಹಾಸವು ಇದಕ್ಕೆ ಸಾಕ್ಷಿಯಾಗಿದೆ. ತಂಡಗಳ ಹೊಂದಾಣಿಕೆಯ ಸಾಮರ್ಥ್ಯಕ್ಕೆ ಮಿತಿಯಿದ್ದು, ಮೇಲಿನ ಹಂತದ ಅನಿಶ್ಚಿತತೆಯನ್ನು ಕೆಳಹಂತದ ತರಬೇತಿಯಿಂದ ನಿವಾರಿಸಲು ಸಾಧ್ಯವಿಲ್ಲ.

ಇವನ್ನೂ ನೋಡಿ

ಭದ್ರಾವತಿ
ಶಿವಮೊಗ್ಗ
ಎಂ. ವಿಶ್ವೇಶ್ವರಯ್ಯ
ಕಾರ್ಮಿಕ ಸಂಘ
ಸ್ವಯಂ ನಿವೃತ್ತಿ ಯೋಜನೆ